ತೊಟ್ಟಿಲೊಳಗಿನ ಚಾಕು

ಕರೋಶಿ
ಶುಕ್ರವಾರ, 14 ನವೆಂಬರ್ 2025

ಬ್ರಾಹ್ಮಿಯ ಪಪ್ಪಾ ಅವರಿಗೆ,

ಮಗಳ ಕಡೆಯಿಂದ ಎರಡು ಮುತ್ತು. ನನ್ನ ಕಡೆಯಿಂದ ಒಂದು ತಪ್ಪೊಪ್ಪಿಗೆ.

ಅವತ್ತು ಬ್ರಾಹ್ಮಿಯ ಕೈಗೆ ಸಿಕ್ಕ ನಿಮ್ಮ ಚಾಕು ತೆರೆದಿರಲಿಲ್ಲ.

ಇಷ್ಟು ಬರೆಯಲು ಹನ್ನೊಂದು ದಿನ ಬೇಕಾಯಿತು. ಬರೆದು, ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದು ಬಂದೆ. ಎದೆ ಹಗುರಾಗಿದೆ. ಫೋನಿನಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ, ನೀವು "ಇರ್ಲಿ ಬಿಡು" ಅಂತೀರಿ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಪತ್ರ. ಮೊದಲಿಂದ ಹೇಳುತ್ತೇನೆ, ಹಾಗೆ ಹೇಳದಿದ್ದರೆ ನನಗೇ ಧೈರ್ಯ ಬರುವುದಿಲ್ಲ.

ಬಾಣಂತನ ಮುಗಿಸಿ ನಿಮ್ಮೂರು ಅನಂತಪುರಕ್ಕೆ ಬಂದ ದಿನ, ಕೂಸಿನ ತೊಟ್ಟಿಲ ಹಾಸಿಗೆ ಕೆಳಗೆ ಕಬ್ಬಿಣ ಇರಲೇಬೇಕು, ದೃಷ್ಟಿ ಆಗಬಾರದು ಅಂತ ಅತ್ತಿ ಕುಡಗೋಲು ತಂದರು. ಅದರ ಹಲ್ಲು ನೋಡಿ ನಾನು ಅತ್ತುಬಿಟ್ಟೆ. ಆಗ ನೀವು ನಿಮ್ಮ ಪೆಟ್ಟಿಗೆಯ ಏಳು ಮಡಚುವ ಚಾಕುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ತಂದಿರಿ. ಅತ್ತಿ ಅದನ್ನು ಅಂಗೈಯಲ್ಲಿ ತೂಗಿ, "ಇಷ್ಟ ಹಗೂರ ಇರೋದು ಕಬ್ಬಿಣ ಹೆಂಗಾದೀತೋ, ಆಟಿಗಿ ಸಾಮಾನ ತಂದಿಯಲ್ಲ" ಅಂತ ಹಂಗಿಸಿ, ಹಳೇ ಸ್ಪೀಕರಿನ ಅಯಸ್ಕಾಂತ ತಂದು ಹಿಡಿದರಲ್ಲ, ನೆನೆದರೆ ಈಗಲೂ ನಗು. ಟೈಟೇನಿಯಂ ಹಿಡಿಗೆ ಅಂಟಲಿಲ್ಲ, ಅಲಗಿಗೆ ಅಂಟಿತು. "ಅರ್ಧಾ ಕಬ್ಬಿಣ ಐತಿ. ಅರ್ಧಾ ದೃಷ್ಟಿ ಆದ್ರೂ ಹೋಗ್ಲಿ" ಅಂತ ಇಟ್ಟರು.

ನನಗಂತೂ ನಿದ್ದೆ ಅನ್ನುವುದೇ ಇರಲಿಲ್ಲ. ನೀವು ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸಿದಿರಿ. ಮುಚ್ಚಿ ಬೆಳಕಿಗೆ ಹಿಡಿದರೆ ಅಲಗು ನಟ್ಟನಡುವೆ ಕೂತಿರಬೇಕು, ತೆರೆದು ಅಲುಗಾಡಿಸಿದರೆ ಕೂದಲೆಳೆಯಷ್ಟೂ ಕದಲಬಾರದು, ಮುಚ್ಚಿ ಎಷ್ಟೇ ಜಾಡಿಸಿದರೂ ಒಳಗಿನ ಸಣ್ಣ ಗುಂಡು ಅಲಗನ್ನು ಬಿಡಬಾರದು. "ಇದನ್ನ ತೆರಿಯಾಕ ದೊಡ್ಡವರ ಹೆಬ್ಬೆರಳೇ ಬೇಕು" ಅಂದಿರಿ. ತಲೆಯಾಡಿಸಿದೆ, ನಂಬಲಿಲ್ಲ. ನನ್ನ ಹೆದರಿಕೆಯನ್ನೂ ನಿಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಓದಿದವಳದು ಇದೇ ಹಣೆಬರಹ ಅಂತ ನಗುತ್ತಿದ್ದರು.

ಆ ಸೋಮವಾರ ನೀವು ದ್ರಾಕ್ಷಿ ಪಡದಲ್ಲಿದ್ದಿರಿ. ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಬ್ರಾಹ್ಮಿ ಹಾಸಿಗೆ ಕೆದರಿ, ಚಾಕು ಎಳೆದು ಬಾಯಲ್ಲಿಟ್ಟು ಕಚ್ಚುತ್ತಿದ್ದಳು. ಮುಚ್ಚಿದ ಚಾಕು. ಅದಕ್ಕೆ ಜೊಲ್ಲು ಹತ್ತಿತ್ತು, ಅಷ್ಟೇ. ಕಸಿದುಕೊಂಡೆ. ಇದು ತೆರೆದಿದ್ದರೆ ಏನು ಗತಿ ಅಂತ, ಬುದ್ಧಿಗೇಡಿ ನಾನು, ತೆರೆದು ನೋಡಿದೆ. ಮುಚ್ಚುವಾಗ ಹೆಬ್ಬೆರಳು ಕೊಯ್ಯಿತು. ರಕ್ತ ಅವಳ ಅಂಗಿ ಮೇಲೆ ಬಿತ್ತು. ಅತ್ತಿ ಓಡಿ ಬಂದು "ಅಯ್ಯ ನನ್ನವ್ವ, ತೆರದಿತ್ತೇನ ಬೇ?" ಅಂದರು.

ಹೌದು ಅಂದೆ.

ಅಂದ ಕೂಡಲೇ ಎಲ್ಲರೂ ನನ್ನನ್ನು ನಂಬಿದರು. ಕೂಸು ಹುಟ್ಟಿ ಎಂಟು ತಿಂಗಳಲ್ಲಿ ಮೊದಲ ಸಲ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಕೂಸನ್ನೆತ್ತಿಕೊಂಡು ತವರಿಗೆ ಬಂದುಬಿಟ್ಟೆ.

ನಿನ್ನೆ ಮಿರಜಿನಿಂದ ಸಂಭಾಜಿಯವರು ಫೋನ್ ಮಾಡಿದ್ದರು. ನಿಮ್ಮಂತೆಯೇ ಚಾಕು ಕೂಡಿಸುವ ಹುಚ್ಚಿನವರು, ದನಿಯಲ್ಲಿ ಮಾತ್ರ ನಗುವಿರಲಿಲ್ಲ. "ವೈನಿ, ನಿಮ್ಮ ಸಂಜು ಆರು ಚಾಕು ರವಿವಾರ ಒಯ್ಯಿ ಅಂದಾನ್ರಿ. ಏಳನೇದು ಕೊಡಂಗಿಲ್ಲಂತ. ಅದು ತಾನ ತೆರಕೊಂಡೈತಿ, ನಿನ್ನ ಮನ್ಯಾಗೂ ಸಣ್ಣ ಮಕ್ಕಳದಾವ, ಬಾವ್ಯಾಗ ಒಗೀತೀನಿ ಅಂತಾನ. ಇಡೀ ದಿವಸ ಜಾಡಿಸಿ ನೋಡ್ಯಾನ, ತೆರದಿಲ್ಲ. ಆದ್ರೂ ಆಕಿ ಅಂದಾಳಂದ್ರ ತೆರದೈತಿ ಅಂತಾನ. ಖರೇ ಏನಾತ್ರಿ?"

"ಅವರಿಗೇ ಬರೀತೀನ್ರಿ" ಅಂದೆ. ಅದನ್ನು ನನ್ನಿಂದಲೇ ತಿಳಿಯಬೇಕಾದವರು ನೀವು. ನಿಮ್ಮ ಕೈಯೇ ಅದು ತೆರೆಯುವುದಿಲ್ಲ ಅಂತ ಹೇಳುತ್ತಿದ್ದರೂ ನೀವು ನನ್ನ ಮಾತು ಹಿಡಿದಿರಿ. ಅಷ್ಟು ನಂಬುವವರನ್ನು ಹನ್ನೊಂದು ದಿನ ಸುಮ್ಮನೆ ಸುಟ್ಟೆ.

ಫೋನಿಟ್ಟು ಅವ್ವನ ಮುಂದೆ ಎಲ್ಲ ಹೇಳಿದೆ. "ಹುಚ್ಚಿ, ಹೆದರಿಕಿ ಆಗೇತಿ ಅಂತ ಹೇಳಾಕ ರಕ್ತ ಯಾಕ ಬೇಕಿತ್ತ ಬೇ?" ಅಂತ ಕೂಸನ್ನು ತಾನೇ ಎತ್ತಿಕೊಂಡು ಹೋದಳು. ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಇಷ್ಟು ನಿದ್ದೆ ಮಾಡಿ ಎಷ್ಟು ದಿನವಾಗಿತ್ತು!

ರವಿವಾರ ಒಂದನ್ನೂ ಕೊಡಬೇಡಿ. ಏಳನೆಯದು ಇನ್ನೂ ಬಾವಿಯ ಮೇಲೇ ಇದ್ದರೆ ಮೇಲೇ ಇರಲಿ. ಆದರೆ ತೊಟ್ಟಿಲಲ್ಲಿ ಅರ್ಧ ಕಬ್ಬಿಣವೂ ಬೇಡ, ಪೂರ್ತಿ ಕಬ್ಬಿಣವೂ ಬೇಡ. ಅತ್ತಿಗೆ ನಾನೇ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಹೆದರಿಕೆ ಹೋಗಿಲ್ಲ, ಮತ್ತೆ ಬರುತ್ತದೆ. ಬಂದಾಗ ಬಂದಿದೆ ಅಂತಷ್ಟೇ ಹೇಳುತ್ತೇನೆ. ಆಗ ನಗಬೇಡಿ.

ನಿಮ್ಮ
ದೀಪಾಲಿ

ತಾ.ಕ.: ಶನಿವಾರ ಸೇರಿಸಿದ್ದು. ಪತ್ರ ತಂದುಕೊಟ್ಟ ನಮ್ಮ ರಾಜಾರಾಮ ಅಣ್ಣನ ಕೈಯಲ್ಲಿ ಉತ್ತರ ಕಳಿಸಬೇಡಿ. ಅವನ ಗಾಡಿ ಪಡದ ಗೇಟಿನ ಹೊರಗೆ ನಿಂತಿದೆ, ಅದರಲ್ಲಿ ನಾನೂ ಬ್ರಾಹ್ಮಿಯೂ ಇದ್ದೇವೆ. ಸಿಟ್ಟು ಬಂದಿದ್ದರೂ ಹೊರಗ ಬರ್ರಿ.