ಕುಲುಕದೆ ಹೊರಡುವುದು

ಜನವರಿ ೧೭, ೧೯೬೧. ಯಲ್ಲಾಪುರ. ಸಂಜೆ

ಇವತ್ತೂ ಹಾಗೇ. ಕ್ಲಚ್ ಬಿಟ್ಟ ಕೂಡಲೇ ಗಾಡಿ ಮುಗ್ಗರಿಸಿತು, ಎಂಜಿನ್ ಬಂದ್. ಮೈದಾನದಲ್ಲಿ ದನ ಮೇಯಿಸುವವರಿಗೆ ನಗು. ಗಣಿತ ಕಲಿಸುವ ಸಂಗಯ್ಯ ಮಾಸ್ತರನಾದ ನನಗೆ ಎಡಗಾಲು, ಬಲಗಾಲು ಹೊಂದಿಸಲು ಬರುವುದಿಲ್ಲ!

ಕಮಲಾಕರರು ಪಕ್ಕದಲ್ಲಿ ಕೂತು ಬೈದರು. ಹಳೇ ಮಾರಿಸ್ ಕಾರು ಅವರದೇ. ಬಾಡಿಗೆಗೆ ಓಡಿಸುತ್ತಿದ್ದರು; ಕಣ್ಣಿಗೆ ಪೊರೆ ಬಂದ ಮೇಲೆ ಗಾಡಿ ಕೊಟ್ಟಿಗೆಯಲ್ಲಿ. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ಮಾಸ್ತರ್ರೆ, ಕ್ಲಚ್ಚಿಂದ ಕಾಲು ಒಮ್ಮೆಲೇ ಎತ್ತುದಲ್ಲ. ಚಪ್ಪಲಿ ತೆಗೀರಿ. ಎಂಜಿನ್ ಸ್ವರ ಸ್ವಲ್ಪ ಭಾರ ಆಗ್ತದಲ್ಲ, ಅಲ್ಲಿ ಕಾಲು ನಿಲ್ಲಿಸ್ಬೇಕು. ಆಮೇಲೆ ಬಲಗಾಲು, ಮೆಲ್ಲಗೆ."

ಭಾರವಾದದ್ದು ನನಗೆ ಕೇಳಲಿಲ್ಲ.

ಮನೆಗೆ ಬಂದು ಅವಲಕ್ಕಿ, ಮೊಸರು. ತಟ್ಟೆ ಒಂದೇ. ತೊಳೆಯುವುದೂ ಬೇಗ ಮುಗಿಯುತ್ತದೆ.

ಜನವರಿ ೨೨, ರವಿವಾರ

ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದೆ. ಹೆಂಡತಿ ಗೌರಾ ಆಸ್ಪತ್ರೆಯಲ್ಲಿ ಹಾಗೇ ಮಲಗಿದ್ದಾಳೆ, ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್. ಅಟ್ಟದ ಏಣಿಯಿಂದ ಬಿದ್ದ ದಿನ ಲಾರಿಯಲ್ಲಿ ಒಯ್ದಿದ್ದೆವು. ಡ್ರೈವರ್ ಗೇರ್ ಹಾಕಿದಾಗೆಲ್ಲ ಚೀರುತ್ತಿದ್ದಳು. ಕಲಘಟಗಿ ದಾಟಿದ ಮೇಲೆ ಚೀರಲೂ ಇಲ್ಲ, ಸೆರಗು ಕಚ್ಚಿಕೊಂಡಿದ್ದಳು.

ಡಾಕ್ಟರು ಹೇಳಿದ್ದು — ಮಾರ್ಚ್‌ನಲ್ಲಿ ಕರೆದೊಯ್ಯಬಹುದು, ಕಾರಿನಲ್ಲೇ. ಕುಲುಕಬಾರದು.

ಕಾರು ಕಲಿಯುತ್ತಿದ್ದೇನೆ ಎಂದೆ.

"ನೀವಾ? ಸೈಕಲ್ ಹತ್ತಾಕ ಹೆದರ್ತಿದ್ರಲ್ರೀ!"

ನಕ್ಕರೆ ಬೆನ್ನು ನೋಯುತ್ತದೆ. ತುಟಿ ಬಿಗಿಹಿಡಿದಳು.

ಜನವರಿ ೩೦

ಕೇಳಿತು! ಎಂಜಿನ್ನಿನ ದನಿ ಒಂದು ಎಳೆ ಇಳಿಯಿತು. ಅಂಗಾಲಿನ ಕೆಳಗೆ ಪೆಡಲ್ ಸಣ್ಣಗೆ ನಡುಗಿತು. ಅಲ್ಲೇ ಹಿಡಿದೆ. ಗಾಡಿ ತಾನಾಗಿ ತೆವಳಿತು... ಮರುಸಲ ಮತ್ತೆ ಬಂದ್.

ಯಾರಿಗಾದರೂ ಹೇಳಬೇಕೆನಿಸಿ ಬೇಗ ಬೇಗ ಮನೆಗೆ ನಡೆದೆ. ಬಾಗಿಲಿಗೆ ಬಂದ ಮೇಲೆ ಜೇಬಿನಲ್ಲಿ ಬೀಗದ ಕೈ ಹುಡುಕಿದೆ.

ಫೆಬ್ರವರಿ ೫, ರವಿವಾರ

ಡಾಕ್ಟರು ಹೊರಗೆ ಕರೆದು ಹೇಳಿದರು. ಅವಳು ಮತ್ತೆ ನಡೆದಾಳು ಎಂಬ ಭರವಸೆ ಇಲ್ಲವಂತೆ. ಅವಳಿಗೆ ಹೇಳಲಿಲ್ಲ.

ಫೆಬ್ರವರಿ ೨೧

ಬರೆದಿಲ್ಲ. ಗಾಡಿ ಮುಟ್ಟಿಲ್ಲ. ಶಾಲೆ, ಮನೆ.

ಇವತ್ತು ಕಮಲಾಕರರು ಗೋಡೆ ತಡವುತ್ತ ಬಾಗಿಲಿಗೆ ಬಂದರು. ಡಾಕ್ಟರ ಮಾತು ಹೇಳಿದೆ.

"ಗೌರಕ್ಕ ನಡೀಲಿ, ಬಿಡ್ಲಿ. ಮನೆಗೆ ಬರೂದು ಬೇಡ್ವಾ ಮಾರಾಯ್ರೆ?"

ಎದ್ದು ಹೊರಟೆ.

ಹಿಂದಿನ ಸೀಟಿನಲ್ಲಿ ತಾವೇ ರೋಗಿಯ ಹಾಗೆ ಮಲಗಿದರು. ಕುಲುಕಿದಾಗೆಲ್ಲ "ಅಯ್ಯೋ, ನನ್ನ ಬೆನ್ನು!" ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಮಾರ್ಚ್ ೯

ಲೈಸೆನ್ಸ್ ಕೈಗೆ ಬಂದಿದೆ. ಮಂಚಿಕೇರಿ ತನಕ ಹೋಗಿ ಬಂದೆವು. ಹಿಂದಿನಿಂದ "ಅಯ್ಯೋ" ಇಲ್ಲ. ತಿರುಗಿ ನೋಡಿದರೆ ಮುದುಕರಿಗೆ ನಿದ್ದೆ! ಎಬ್ಬಿಸಲು ಮನಸ್ಸಾಗಲಿಲ್ಲ. ಅವರ ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ಹಾಗೇ ಕೂತೆ. ಇನ್ನೊಬ್ಬರು ಉಸಿರಾಡುವ ಸದ್ದು ಕೇಳಿ ಎಷ್ಟು ದಿನವಾಗಿತ್ತೋ.

ಮಾರ್ಚ್ ೧೯, ರವಿವಾರ. ಸಂಜೆ

ಕರೆತಂದೆ.

ಆಸ್ಪತ್ರೆಯ ಗೇಟಿನಲ್ಲೇ ಕಾಲು ಜಾರಿತು. ಮುಗ್ಗರಿಸಿ ಬಂದ್. ಹಿಂದಿನಿಂದ ಸದ್ದೇ ಇಲ್ಲ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕೊನೆಗೆ ಅವಳೇ, "ಇರ್ಲಿ ಬಿಡ್ರಿ. ಅವಸರ ಏನದ?" ಎಂದಳು. ದನಿ ನಡುಗುತ್ತಿತ್ತು.

ಕಿರವತ್ತಿಯ ಹತ್ತಿರ ಏರಿನಲ್ಲಿ ದಿಮ್ಮಿ ಹೇರಿದ ಎತ್ತಿನ ಗಾಡಿಗಳು ಅಡ್ಡ. ನಿಲ್ಲಿಸಬೇಕಾಯಿತು. ಏರಿನಲ್ಲಿ! ದಾರಿ ಬಿಟ್ಟ ಮೇಲೆ ಹ್ಯಾಂಡ್‌ಬ್ರೇಕ್ ಹಿಡಿದುಕೊಂಡೇ ಎಡಗಾಲು ಮೆಲ್ಲಗೆ ಬಿಟ್ಟೆ... ದನಿ ಇಳಿಯಿತು... ಬಲಗಾಲು ಇಷ್ಟೇ... ಬ್ರೇಕ್ ಸಡಿಲಿಸಿದೆ. ಹಿಂದೆ ಜಾರಲಿಲ್ಲ.

ಮಲಗಿದವಳಿಗೆ ಕಾಣುವುದು ಕಾರಿನ ಚಾವಣಿ ಮಾತ್ರ. ನಾಲ್ಕು ಮಾರು ಸಾಗಿದ್ದೆವು, ಕೇಳಿದಳು —

"ಯಾಕ್ರೀ, ಇನ್ನೂ ದಾರಿ ಬಿಟ್ಟಿಲ್ಲೇನು? ಹೊರಡ್ರಲ್ಲ."

"ಹೊರಟಾಗ್ಯದ, ಗೌರಾ."

ಹಿಂದಿನಿಂದ ಅಳುವ ಸದ್ದು.

"ನೋವಾತೇನು?"

"ಅಲ್ರೀ. ಡಾಕ್ಟರ್ ನನಗೂ ಹೇಳ್ಯಾರ. ನೀವೊಬ್ರೇ ನುಂಗ್ಕೊಂಡು ಕುಂದರಬ್ಯಾಡ್ರಿ."

ಕಣ್ಣು ರಸ್ತೆಯ ಮೇಲಿಡಬೇಕಿತ್ತು. ರಸ್ತೆ ಕಾಣಲಿಲ್ಲ. ಬದಿಗೆ ನಿಲ್ಲಿಸಿ ಮುಖ ಒರೆಸಿಕೊಂಡೆ. ಮತ್ತೆ ಹೊರಟೆ, ಮೆಲ್ಲಗೆ.

ಈಗ ನೆರೆಯವರೂ ಸೇರಿ ನಡುಮನೆಯಲ್ಲಿ ಮಲಗಿಸಿದ್ದೇವೆ. ಮಾಡುವುದು ಬಹಳ ಇದೆ. ಗಂಜಿ, ಬಿಸಿನೀರು. ಮಂಚಕ್ಕೆ ಹಲಗೆ ಹಾಕಿಸಬೇಕು. ನಾಳೆ ಶಾಲೆಗೆ ಹೋದಾಗ ಅವಳ ಹತ್ತಿರ ಯಾರಿರಬೇಕು... ನೆರೆಮನೆಯ ಸಿದ್ದವ್ವನನ್ನು ಕೇಳಿ —

"ಏನ್ರೀ... ಎಲ್ಲದೀರಿ?"

ಕರೆಯುತ್ತಿದ್ದಾಳೆ. ಉಳಿದದ್ದು