ಜೇನುಬಣ್ಣದ ಹರಳು

೧೨ ಅಕ್ಟೋಬರ್, ಭಾನುವಾರ. ಗಿಣಿಗೇರಾ.

ಹರಳು ಹೋಯಿತು. ಕುಷ್ಟಗಿ ಕಡೆ ಬಾವಿ ತೋಡುವಾಗ ಸಿಕ್ಕ ಜೇನುಬಣ್ಣದ ಆ ಕ್ಯಾಲ್ಸೈಟು, ಸುಣ್ಣದ ಹರಳು. ಅಂಥದ್ದು ಈ ಜಿಲ್ಲೆಯಲ್ಲಿ ನಾನು ಇನ್ನೊಂದು ಕಂಡಿಲ್ಲ. ಆ ಬಾವಿಯನ್ನೂ ಮುಚ್ಚಿಬಿಟ್ಟಿದ್ದಾರೆ.

ದೀಪಾವಳಿಗೆಂದು ಮನೆ ತೊಳೆಯುತ್ತಿದ್ದ ಅತ್ತೆ ನಾನು ಕಲ್ಲು ಕೂಡಿಟ್ಟ ಕಪಾಟನ್ನೂ ಬಿಡಲಿಲ್ಲ. ಬಚ್ಚಲು ತಿಕ್ಕುವ ಆ್ಯಸಿಡ್ಡಿನಲ್ಲಿ ಆ ಹರಳನ್ನು ಅದ್ದಿಟ್ಟಿದ್ದಾರೆ. ನಾನು ಸಂತೆಯಿಂದ ಬರುವಷ್ಟರಲ್ಲಿ ಹರಳು ಕರಗಿ, ಬಕೆಟ್ಟಿನ ತಳದಲ್ಲಿ ಅದು ಅಂಟಿಕೊಂಡಿದ್ದ ಕರಿಕಲ್ಲು ಮಾತ್ರ ಉಳಿದಿತ್ತು.

"ಭಾಳ ಹೊಲಸಾಗಿತ್ತವಾ ಶ್ವೇತಾ. ಹಳದಿ ಹೋಗವಲ್ದು ಅಂತ ಮತ್ತಷ್ಟು ಹಾಕೀನಿ," ಎಂದರು.

ಬಯ್ಯಲು ಬಾಯಿ ತೆರೆದೆ. ಅವರ ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು. ಕೂರಿಸಿ ಮುಲಾಮು ಹಚ್ಚಿದೆ.

ಹಚ್ಚುತ್ತಿರುವಾಗಲೇ ಕೇಳಿದರು: "ಉಳಿದವು ನಾಳೆ ತೊಳಿಲೇನು?"

ಕಪಾಟಿಗೆ ಬೀಗ ಹಾಕಬೇಕು. ಹಾಕಿದರೆ ಅವರಿಗೆ ತಮ್ಮ ಮೇಲೆ ನಂಬಿಕೆಯಿಲ್ಲವೆಂದು ನೋವಾಗುತ್ತದೆ.