ಆರೂವರೆ ಇಂಚು

ಅಂಗಡಿಯಿಂದ
ಹದಿನಾಲ್ಕನೇ ತಾರೀಖು, ಮಂಗಳವಾರ

ಮಗಳೇ,

ಚೆನ್ನಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನನ್ನ ಬರಹ ಕಾಗೆ ಕಾಲು ಗುಬ್ಬಿ ಕಾಲು. ನಾಲ್ಕನೇ ಕ್ಲಾಸಿಗೇ ದರ್ಜಿ ಕತ್ತರಿ ಹಿಡಿದವನು ಇಷ್ಟೇ ಬರೆದಾನು. ನಗು ಬಂದರೂ ಪೂರ್ತಿ ಓದು.

ನಿನ್ನಮ್ಮನ ಹೊಟ್ಟೆ ಉರಿಗೆ ನಾನೇ ಪಥ್ಯ ಹಿಡಿಸಿದ್ದು ನಿನಗೆ ಗೊತ್ತು. ಖಾರ ಬಂದ್, ಹುಳಿ ಬಂದ್. ಬೆಳಿಗ್ಗೆ ಜೀರಿಗೆ ನೀರು, ಮಧ್ಯಾಹ್ನ ಗಂಜಿ, ಸಂಜೆ ನೀರುಮಜ್ಜಿಗೆ. ನಮ್ಮಜ್ಜಿ ಇದರಲ್ಲೇ ಎಂಬತ್ತು ದಾಟಿದವಳು. ಶುರುವಿನಲ್ಲಿ ಉರಿ ಇಳಿಯಿತು, ಸುಳ್ಳಲ್ಲ. "ಆರಾಮಾಗಿದೆ" ಅಂದಳು. ಆಮೇಲೆ ಕೇಳಿದಾಗಲೆಲ್ಲ ಅದನ್ನೇ ಅಂದಳು. ರವಿಕೆ ಸಡಿಲ ಅಂತ ತಂದು ಮಿಷನ್ ಮೇಲಿಟ್ಟಳು. ಪಕ್ಕದ ಹೊಲಿಗೆ ಬಿಗಿ ಮಾಡಿಕೊಟ್ಟೆ. "ಮದುವೆ ಹೆಣ್ಣಿನ ಅಳತೆಗೆ ಬಂದೆ ಕಣೇ" ಅಂತ ತಮಾಷೆ ಬೇರೆ ಮಾಡಿದೆ. ಆರು ತಿಂಗಳಲ್ಲಿ ನಾಲ್ಕು ಸಲ ಬಿಗಿ ಮಾಡಿದೆ. ಗಿರಾಕಿ ಅಳತೆ ಅರ್ಧ ಇಂಚು ತಪ್ಪಿದರೆ ಕತ್ತರಿ ಎಸೆಯುವ ನಾನು, ಕಟ್ಟಿಕೊಂಡವಳು ಕರಗಿಹೋಗುವುದನ್ನು ಪಥ್ಯದ ಗುಣ ಅಂದುಕೊಂಡೆ.

ಕಳೆದ ವಾರ ಗಂಜಿಯೂ ವಾಂತಿಯಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ತೂಕ ಎಷ್ಟು ಇಳಿದಿದೆ ಅಂತ ಡಾಕ್ಟರಮ್ಮ ಕೇಳಿದರು. ಕಿಲೋ ನನಗೇನು ಗೊತ್ತು? ಆರೂವರೆ ಇಂಚು ಅಂದೆ. ಆಕೆ ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ಗಡ್ಡೆಯಂತೆ. ಹರಡಿದೆಯಂತೆ. ಗಂಜಿ ಉರಿ ತಣಿಸುತ್ತೆ, ಗಡ್ಡೆ ಕರಗಿಸಲ್ಲ ಅಂದರು. ಈಗ ಆಪರೇಷನ್ನಿಗೂ ಬರುವುದಿಲ್ಲ. ಹೆಚ್ಚೆಂದರೆ ಒಂದು ತಿಂಗಳು.

ಡಾಕ್ಟರಿಗೆ ತೋರಿಸು ಅಂತ ನೀನು ಏಳು ತಿಂಗಳ ಹಿಂದೆಯೇ ಮನೆ ಬಾಗಿಲಲ್ಲಿ ನಿಂತು ಹೇಳಿದ್ದೆ. "ನಾಲ್ಕಕ್ಷರ ಕಲಿತು ನಂಗೇ ಬುದ್ಧಿ ಹೇಳ್ತೀಯಾ, ಇನ್ನು ನನ್ನ ಹೊಸಿಲು ತುಳೀಬೇಡ" ಅಂದೆ. ನೀನೂ ನನ್ನ ಮಗಳೇ ತಾನೆ, ತುಳಿಯಲಿಲ್ಲ. ನೋವಿದ್ದರೆ ಯಾಕೆ ಬಾಯಿ ಬಿಡಲಿಲ್ಲ ಅಂತ ಮೊನ್ನೆ ನಿನ್ನಮ್ಮನನ್ನು ಕೇಳಿದೆ. "ನೀವು ಕೂಗಾಡ್ತೀರಲ್ಲ" ಅಂದಳು. ಅಷ್ಟೇ.

ಈಗಲೂ ಗಂಜಿ ಬೇಯಿಸುತ್ತೇನೆ. ಎರಡು ಚಮಚ ಒಳಗೆ ಹೋದರೆ ಹೆಚ್ಚು. ಬೇರೇನು ಮಾಡಬೇಕೋ ಗೊತ್ತಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ

ಮರೆತಿದ್ದೆ: ಈ ವಾರವೇ ಬಾ. ನೀನಿರುವಷ್ಟು ದಿನ ನಾನು ಅಂಗಡಿಯಲ್ಲೇ ಮಲಗುತ್ತೇನೆ, ಎದುರು ಬರುವುದಿಲ್ಲ. ನನ್ನ ಚಪ್ಪಲಿ ಸದ್ದು ಕೇಳಿದರೆ ನಿನ್ನಮ್ಮ ಈಗಲೂ ಹಲ್ಲು ಕಚ್ಚಿ ಸುಮ್ಮನಾಗುತ್ತಾಳೆ. ನಿನ್ನ ಹತ್ತಿರವಾದರೂ ಬಾಯಿಬಿಟ್ಟು ನರಳಲಿ.